ಸರಕಾರಿ ಹೈಸ್ಕೂಲಿನಲ್ಲಿ ಎಂಜಿನಿಯರಿಂಗ್ ಕೋರ್ಸ್ ಶುರು ಮಾಡಬೇಕು ಅಂತಿದ್ದೇವೆ. ಊರಿನ ಕಾರ್ಖಾನೆಯವರನ್ನು ಏನು ಕೇಳಬೇಕು?

ಹಳೆ ವಿದ್ಯಾರ್ಥಿ 66

ಎಲ್ಲರಿಗೂ ನಮಸ್ಕಾರ. ಉಡುಪಿ–ಮಂಗಳೂರು ಹೆದ್ದಾರಿ ಬದಿಯ ಒಂದು ಸರಕಾರಿ ಹೈಸ್ಕೂಲಿನ ಹಳೆ ವಿದ್ಯಾರ್ಥಿ ಸಂಘದಲ್ಲಿದ್ದೇನೆ. ಎಂಟರಿಂದ ಹತ್ತರವರೆಗೆ ತರಗತಿಗಳಿವೆ. ಊರಿನಲ್ಲಿರುವವರು, ಮುಂಬೈಯಲ್ಲಿ ಹೋಟೆಲು ಇಟ್ಟವರು, ಗಲ್ಫಿನಲ್ಲಿರುವವರು ಎಲ್ಲ ಸೇರಿ ಶಾಲೆಗೆ ಏನಾದರೂ ದೊಡ್ಡದು ಮಾಡೋಣ ಅಂತ ಹೊರಟಿದ್ದೇವೆ. ಗೇಟು, ರಂಗಮಂಟಪ, ಊಟದ ಹಾಲ್ ಎಲ್ಲ ಹಿಂದೆಯೇ ಆಗಿದೆ. ಈ ಸಲ ದುಡ್ಡು ಸಿಮೆಂಟಿಗೆ ಹೋಗಬಾರದು ಅನ್ನುವುದು ನನ್ನ ಹಟ.

ಮೊನ್ನೆ ಒಬ್ಬರು ಕ್ಯಾಟಲಾಗ್ ಹಿಡಿದುಕೊಂಡು ಬಂದಿದ್ದರು. ರೋಬೋಟಿಕ್ಸ್ ಕಿಟ್, ತ್ರೀಡಿ ಪ್ರಿಂಟರ್, ಗೋಡೆಗೆ ರಾಕೆಟ್ ಚಿತ್ರ, ಟೀಚರಿಗೆ ಎರಡು ದಿನದ ಟ್ರೈನಿಂಗ್, ಮಕ್ಕಳಿಗೆ ಸರ್ಟಿಫಿಕೇಟ್. ಸಂಘದಲ್ಲಿ ಅರ್ಧ ಜನ ಅದಕ್ಕೇ ಮನಸ್ಸು ಮಾಡಿದ್ದಾರೆ. ನಾನು ಕೇಳುತ್ತಿರುವುದು ಮೂರು ವರ್ಷದ ಕೋರ್ಸ್. ಎಂಟನೇ ಕ್ಲಾಸಿನಲ್ಲಿ ಅಳತೆ, ಡ್ರಾಯಿಂಗ್, ಕೈ ಸಲಕರಣೆ. ಒಂಬತ್ತರಲ್ಲಿ ಮೋಟಾರು, ಪಂಪು, ವೈರಿಂಗ್, ಗೇರು. ಹತ್ತರಲ್ಲಿ ಊರಿನ ಒಂದು ತೊಂದರೆ ತೆಗೆದುಕೊಂಡು ಅದಕ್ಕೆ ಏನಾದರೂ ಮಾಡಿ ತೋರಿಸಬೇಕು. ಅದು ಡಿಸೆಂಬರ್ ಒಳಗೆ ಮುಗಿಯಬೇಕು, ಆಮೇಲೆ ಪ್ರಿಪರೇಟರಿ ಗಲಾಟೆ ಶುರು.

ಒಂದು ಕಡೆ ಬೈಕಂಪಾಡಿ, ಇನ್ನೊಂದು ಕಡೆ ನಂದಿಕೂರು ಕೈಗಾರಿಕಾ ಪ್ರದೇಶ, ಆಚೆ ಮಲ್ಪೆಯ ಮೀನುಗಾರಿಕಾ ಬಂದರು. ಇಷ್ಟೆಲ್ಲ ಸುತ್ತ ಇದ್ದೂ ನಮ್ಮ ಶಾಲೆಯ ಹೆಚ್ಚಿನ ಮಕ್ಕಳು ಲೇತ್ ಓಡುವುದನ್ನು ಕಣ್ಣಲ್ಲಿ ನೋಡಿಲ್ಲ. ಇವರನ್ನೆಲ್ಲ ಹೇಗೆ ಸೇರಿಸಿಕೊಳ್ಳುವುದು?

ಬೈಕಂಪಾಡಿ ಲೇತ್

ಮೊದಲಿಗೆ ಒಂದು ಮಾತು ಮಾರಾಯ್ರೆ, ನಮ್ಮಂಥವರ ಹತ್ತಿರ ರಶೀದಿ ಪುಸ್ತಕ ತರಬೇಡಿ. ಗಣೇಶೋತ್ಸವ, ಬ್ರಹ್ಮಕಲಶ, ಕಬಡ್ಡಿ, ನಾಟಕ ಅಂತ ವರ್ಷವಿಡೀ ರಶೀದಿ ಬರುತ್ತಾ ಉಂಟು. ಸಾವಿರ ರೂಪಾಯಿ ಕೊಟ್ಟು ಕಳಿಸುತ್ತೇವೆ. ಆಮೇಲೆ ನಿಮ್ಮ ಶಾಲೆ ಯಾವುದು ಅಂತಲೂ ನೆನಪಿರುವುದಿಲ್ಲ.

ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದಲ್ಲಿ ಸಮಾಜಕ್ಕೆ ಖರ್ಚು ಮಾಡುವ ಪಾಲು, ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗೆ ಮಾತ್ರ ಅದು ಕಡ್ಡಾಯ. ನನ್ನದು ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಇರುವ ಒಂದು ಶೆಡ್. ಬೈಕಂಪಾಡಿ, ಯೆಯ್ಯಾಡಿಯಲ್ಲಿ ಹೆಚ್ಚಿನವರು ನನ್ನ ಹಾಗೇ. ನಮ್ಮ ಹತ್ತಿರ ಆ ಲೆಕ್ಕದ ದುಡ್ಡು ಇಲ್ಲ.

ಆದರೆ ಫಿಟ್ಟರ್ ಇದ್ದಾನೆ. ಶನಿವಾರ ಮಧ್ಯಾಹ್ನ ಎರಡು ತಾಸಿನ ಮಟ್ಟಿಗೆ ಅವನನ್ನು ಕಳಿಸುತ್ತೇನೆ, ಆ ಹೊತ್ತಿನ ಸಂಬಳ ನನ್ನದು. ಕಟಿಂಗಲ್ಲಿ ಉಳಿದ ಎಂಎಸ್ (ಸಾದಾ ಉಕ್ಕಿನ) ಪ್ಲೇಟು, ರಾಡು, ಅಲ್ಯೂಮಿನಿಯಂ ತುಂಡು ತಿಂಗಳಿಗೊಂದು ಚೀಲ ಕೊಡಬಹುದು. ಹಳೇ ಬೆಂಚ್ ವೈಸ್ ಎರಡು ಉಂಟು. ಕೇಳುವುದಾದರೆ ಇಂಥದ್ದು ಕೇಳಿ. ಒಂದೇ ಷರತ್ತು: ಬರುವವನು ಪ್ರತಿ ಸಲ ಅವನೇ ಆಗಿರಬೇಕು. ಇವತ್ತು ಒಬ್ಬ, ಮುಂದಿನ ವಾರ ಇನ್ನೊಬ್ಬ ಅಂದರೆ ಮಕ್ಕಳು ಕಲಿಯುವುದಿಲ್ಲ, ಸುಮ್ನೆ ನೋಡಿಕೊಂಡು ಕೂರುತ್ತಾರೆ.

ಒಂಬತ್ತನೇ ಕ್ಲಾಸಿನ ಅಪ್ಪ

ಎಲ್ಲ ಕೇಳಲಿಕ್ಕೆ ಚಂದ. ಆದರೆ ನಮ್ಮ ಜಿಲ್ಲೆಯಲ್ಲಿ ಮಾರ್ಕು ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ? 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇದು. 2025ರಲ್ಲಿ ಅದೇ ಎರಡು ಜಿಲ್ಲೆ ಅದಲುಬದಲು. ಇದಕ್ಕಾಗಿ ಶಾಲೆಯವರು ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್ ಇಡುತ್ತಾರೆ. ಅದರ ಮಧ್ಯೆ ನಮ್ಮ ಹುಡುಗ ಅರ ಹಿಡಿದು ಕಬ್ಬಿಣ ಉಜ್ಜುವುದು ಯಾವಾಗ? ಅಷ್ಟು ಬೇಕಾದರೆ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರುತ್ತಾನೆ.

ಕಾರ್ಯಾನುಭವ ಟೀಚರ್

ಅಪ್ಪನವರ ಪ್ರಶ್ನೆ ಸರಿಯಾಗಿದೆ, ಅದನ್ನು ತಳ್ಳಿಹಾಕಬೇಡಿ. ಯಾವ ಪೀರಿಯಡ್ ಅಂತ ಉತ್ತರ ಇಲ್ಲದೆ ಶುರು ಮಾಡಿದ್ದು ಯಾವುದೂ ಆಗಸ್ಟ್ ದಾಟುವುದಿಲ್ಲ.

ದಾರಿ ಇಲ್ಲ ಅಂತೇನಿಲ್ಲ. ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ಶಿಕ್ಷಣದ ವ್ಯವಸ್ಥೆ ಮಂಜೂರಾದ ಸರಕಾರಿ ಹೈಸ್ಕೂಲುಗಳಲ್ಲಿ ಒಂಬತ್ತು, ಹತ್ತರಲ್ಲಿ ಮೂರನೇ ಭಾಷೆಯ ಬದಲು ಆಟೊಮೊಬೈಲ್, ಐಟಿ ಥರದ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಅದಕ್ಕೆ ಇಲಾಖೆಯಿಂದ ಮಂಜೂರಾತಿ ಬೇಕು, ನಾಳೆ ಬೆಳಗ್ಗೆಯೇ ಸಿಗುವಂಥದ್ದಲ್ಲ. ಇನ್ನು ನಮ್ಮ ರಾಜ್ಯದಲ್ಲಿ ಜೂನಿಯರ್ ಟೆಕ್ನಿಕಲ್ ಸ್ಕೂಲ್ ಅಂತ ಬಹಳ ಹಿಂದಿನಿಂದ ಇದೆ. ಅಲ್ಲಿನ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಂಜಿನಿಯರಿಂಗ್ ಡ್ರಾಯಿಂಗ್ ಪರೀಕ್ಷೆ ಬರೆಯುತ್ತಾರೆ. ಅಂದರೆ ಹೈಸ್ಕೂಲ್ ಮಕ್ಕಳಿಗೆ ಇದೆಲ್ಲ ಭಾರ ಅನ್ನುವುದು ಸುಳ್ಳು. ಹೊಸದಾಗಿ ಸಿಲೆಬಸ್ ಬರೆಯುವ ಮೊದಲು ಆ ಪುಸ್ತಕಗಳನ್ನು ಒಮ್ಮೆ ತಿರುವಿಹಾಕಿ. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಕೈಕೆಲಸ ಕಲಿಸುವ ಕಾರ್ಯಾನುಭವದ ಪೀರಿಯಡ್ ಮತ್ತು ಶನಿವಾರ. ಅಷ್ಟರಲ್ಲೇ ಎಂಟನೇ ಕ್ಲಾಸು ಶುರು ಮಾಡಬಹುದು.

ಈಗ ನಿಜವಾದ ತಲೆನೋವು ಹೇಳುತ್ತೇನೆ. ನಾನು ಹಿಂದೆ ಇದ್ದ ಒಂದು ಶಾಲೆಗೆ ದೊಡ್ಡ ಲ್ಯಾಬ್ ಬಂತು. ಉದ್ಘಾಟನೆಗೆ ಪೆಂಡಾಲು, ಪೇಪರಿನಲ್ಲಿ ಫೋಟೋ. ಟ್ರೈನಿಂಗ್ ಆದ ಸರ್ ಮರುವರ್ಷ ವರ್ಗ ಆಗಿ ಹೋದರು. ಬೀಗದ ಕೈ ಹೆಡ್ಮಾಸ್ಟರ ಕಪಾಟಿಗೆ ಹೋಯಿತು. ಏನಾದರೂ ಕಾಣೆಯಾದರೆ ತಮ್ಮ ತಲೆಗೆ ಬರುತ್ತದೆ ಅಂತ ಅವರಿಗೆ ಹೆದರಿಕೆ. ಸ್ಟಾಕ್ ರಿಜಿಸ್ಟರಿನಲ್ಲಿ ಎಲ್ಲ ಸರಿ ಇತ್ತು, ಯಾಕೆಂದರೆ ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಕನಿಷ್ಠ ಇಬ್ಬರು ಟೀಚರ್ ಇರಬೇಕು, ಮತ್ತು ವರ್ಗ ಆಗದ ಒಬ್ಬರು ಊರಿನವರು ಇರಬೇಕು. ಡ್ರಿಲ್ ಬಿಟ್ ಮುರಿದರೆ ಅದು ಮುರಿಯುವ ಸಾಮಾನು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೊದಲೇ ಠರಾವು ಮಾಡಿ ಬರೆದಿಡಬೇಕು. ಇದನ್ನು ಮಾಡದೆ ಯಾವ ಕಂಪನಿ ಬಂದರೂ ಪ್ರಯೋಜನ ಇಲ್ಲ.

ಸುರತ್ಕಲ್ ಹಾಸ್ಟೆಲ್

ಟೀಚರ್ ಹೇಳಿದ್ದು ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬಾ? ಅದರಲ್ಲಿ ದುಡ್ಡು ಚೆನ್ನಾಗಿಯೇ ಇದೆ ಅಲ್ವಾ?

ಕಾರ್ಯಾನುಭವ ಟೀಚರ್

ಯಾವುದು ಅಂತ ಬೇಡ ಬಿಡಿ. ಯೋಜನೆ ಒಳ್ಳೆಯದೇ. ಅಟಲ್ ಲ್ಯಾಬ್ 2016ರಲ್ಲಿ ಶುರುವಾದದ್ದು. ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ: ಹತ್ತು ಲಕ್ಷ ಸಾಮಾನಿಗೆ, ಹತ್ತು ಲಕ್ಷ ಐದು ವರ್ಷ ನಡೆಸುವುದಕ್ಕೆ. ಆರರಿಂದ ಹನ್ನೆರಡನೇ ಕ್ಲಾಸಿನವರಿಗೆ. ಬಯಲುಸೀಮೆ, ಕರಾವಳಿಯಲ್ಲಿ 1500 ಚದರಡಿ ಜಾಗ ಕೇಳುತ್ತಿದ್ದರು. 2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಸರಕಾರಿ ಶಾಲೆಗಳಿಗೆ 50,000 ಲ್ಯಾಬ್ ಅಂತ ಹೇಳಿದ್ದಾರೆ. ಅರ್ಜಿ ಕರೆದರೆ ಖಂಡಿತ ಹಾಕಿ. ಗಮನಿಸಿ, ಅನುದಾನದಲ್ಲಿ ಅರ್ಧ ದುಡ್ಡು ನಡೆಸುವುದಕ್ಕೆ ಇಟ್ಟಿದ್ದಾರೆ. ಕ್ಯಾಟಲಾಗ್ ತಂದವರು ಆ ಭಾಗದ ಮಾತೇ ಎತ್ತಿರುವುದಿಲ್ಲ ನೋಡಿ.

ಕುಂದಾಪ್ರ–ಮಿಷಿಗನ್

ನಾನು ಕುಂದಾಪುರದವನು, ಈಗ ಮಿಷಿಗನ್‌ನಲ್ಲಿ ಕಾರು ಬಿಡಿಭಾಗಗಳ ಡಿಸೈನ್ ಮಾಡುತ್ತೇನೆ. ಮಗಳ ಹೈಸ್ಕೂಲಿನ ರೋಬೋಟ್ ತಂಡಕ್ಕೆ ಸಂಜೆ ಹೊತ್ತು ಮೆಂಟರ್ ಆಗಿ ಹೋಗುತ್ತೇನೆ. ಇಲ್ಲಿನ ವಿಷಯ ಸ್ವಲ್ಪ ಹೇಳಬಹುದಾ?

ಇಲ್ಲಿ ಎರಡು ರೀತಿಯದ್ದು ಇದೆ. ಒಂದು, ಕ್ಲಾಸಿನೊಳಗಿನ ಕೋರ್ಸ್. ಪ್ರಾಜೆಕ್ಟ್ ಲೀಡ್ ದ ವೇ ಅನ್ನುವುದು 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವೇ ಹೈಸ್ಕೂಲುಗಳಲ್ಲಿ ಶುರುವಾಗಿ ಈಗ ದೇಶವಿಡೀ ಇದೆ. ಇನ್ನೊಂದು, ಕ್ಲಾಸಿನ ಹೊರಗಿನ ಸ್ಪರ್ಧೆ. ಡೀನ್ ಕೇಮನ್ 1989ರಲ್ಲಿ ಕಟ್ಟಿದ ಫಸ್ಟ್ ಸಂಸ್ಥೆಯದ್ದು, ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲಿನ ಜಿಮ್‌ನಲ್ಲಿ ನಡೆಯಿತು. ಕೆಲಸ ಮಾಡುವ ಎಂಜಿನಿಯರುಗಳು ಮಕ್ಕಳ ಜೊತೆ ನಿಂತು ರೋಬೋಟ್ ಕಟ್ಟುತ್ತಾರೆ.

ನಿಮಗೆ ಬೇಕಾದದ್ದು ಇವೆರಡಕ್ಕಿಂತ ಒಂದು ಸಣ್ಣ ವಿಷಯ. ವೃತ್ತಿ ಶಿಕ್ಷಣಕ್ಕೆ ಇಲ್ಲಿ ಪರ್ಕಿನ್ಸ್ ಕಾಯ್ದೆಯಲ್ಲಿ ಕೇಂದ್ರದ ದುಡ್ಡು ಬರುತ್ತದೆ. 2018ರಲ್ಲಿ ಅದನ್ನು ನವೀಕರಿಸಿದಾಗ, ಎರಡು ವರ್ಷಕ್ಕೊಮ್ಮೆ ಊರಿನ ಉದ್ಯಮದವರು, ಪೋಷಕರು, ಟೀಚರುಗಳನ್ನು ಕೂರಿಸಿ ಏನು ಬೇಕು ಅಂತ ಕೇಳಿ ಬರೆಯಬೇಕು ಅಂತ ಸೇರಿಸಿದರು. ನಮ್ಮ ಶಾಲೆಯ ಸಲಹಾ ಸಮಿತಿಯಲ್ಲಿ ಟೂಲ್ ರೂಮ್ ನಡೆಸುವ ಒಬ್ಬ ಮುದುಕ ಇದ್ದಾನೆ. ವರ್ಷಕ್ಕೆ ಎರಡು ಸಲ ಬಂದು, ಈ ಮೆಷಿನ್ ಈಗ ಯಾರೂ ಬಳಸುವುದಿಲ್ಲ, ಇದನ್ನು ಕಲಿಸಿ ಅಂತ ಜಗಳ ಮಾಡಿ ಹೋಗುತ್ತಾನೆ. ದುಡ್ಡು ಕೊಡುವುದಿಲ್ಲ. ಆದರೂ ಅವನೇ ಮುಖ್ಯ.

ಸ್ಪರ್ಧೆಗೆ ಮಾತ್ರ ಈಗಲೇ ಇಳಿಯಬೇಡಿ. ದೊಡ್ಡ ರೋಬೋಟಿನ ವಿಭಾಗಕ್ಕೆ ಇಲ್ಲಿ ಒಂದು ತಂಡ ಆರು ಸಾವಿರ ಡಾಲರ್ ಆಸುಪಾಸು ಪ್ರವೇಶ ಕಟ್ಟುತ್ತದೆ. ಕೆಲವು ತಂಡಗಳಲ್ಲಿ ಅಪ್ಪಂದಿರೇ ರೋಬೋಟ್ ಕಟ್ಟುತ್ತಾರೆ, ಮಕ್ಕಳು ಟೀಶರ್ಟ್ ಹಾಕಿಕೊಂಡು ಚಪ್ಪಾಳೆ ಹೊಡೆಯುತ್ತಾರೆ.

ಬೈಕಂಪಾಡಿ ಲೇತ್

ವಿಜ್ಞಾನ ಮೇಳದಲ್ಲಿ ಇಲ್ಲೂ ಅದೇ ಕಥೆ. ಮಾಡೆಲ್ ಮಾಡಿಕೊಡಿ ಅಂತ ನನ್ನ ಶೆಡ್ಡಿಗೇ ಪೋಷಕರು ಬರುತ್ತಾರೆ.

ಮಲ್ಪೆ ಡೀಸೆಲ್

ನಾನು ಬೋಟ್ ಎಂಜಿನ್ ಕೆಲಸದವನು. ಐಟಿಐ ಮಾಡಿದ್ದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹತ್ತನೇ ಕ್ಲಾಸಿಗೆ ಊರಿನ ತೊಂದರೆ ಬೇಕು ಅಂದಿರಲ್ಲ, ಬಂದರಿಗೆ ಒಂದು ದಿನ ಕರೆದುಕೊಂಡು ಬನ್ನಿ, ಬೇಕಾದಷ್ಟು ಉಂಟು.

ಮರದ ಬೋಟಿನ ಅಡಿಯಲ್ಲಿ ನೀರು ಸೇರುತ್ತಾ ಇರುತ್ತದೆ. ರಾತ್ರಿ ಮಲಗಿದವರಿಗೆ ಗೊತ್ತಾಗುವುದಿಲ್ಲ. ಒಂದು ತೇಲುವ ಸ್ವಿಚ್ಚು, ಒಂದು ಬ್ಯಾಟರಿ, ಮೇಲೆ ಒಂದು ಗಂಟೆ. ಇಷ್ಟನ್ನು ಮಕ್ಕಳು ಮಾಡಬಹುದು. ಅಂಗಡಿಯಲ್ಲಿ ರೆಡಿ ಸಿಗುವುದಿಲ್ಲವಾ ಅಂತ ಕೇಳಬೇಡಿ. ಸಿಗುತ್ತದೆ. ಆದರೆ ಆ ಸ್ವಿಚ್ಚಿಗೆ ಮೀನಿನ ಜಿಡ್ಡು, ಬಲೆಯ ದಾರ, ಡೀಸೆಲ್ ಎಲ್ಲ ಹತ್ತಿ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡಿದರೆ ಅಲ್ಲಿಂದ ತಲೆ ಓಡಲು ಶುರುವಾಗುತ್ತದೆ.

ಇನ್ನೊಂದು ತುಕ್ಕು. ಸ್ಟೀಲ್ ಬೋಟಿನ ತಳಕ್ಕೆ, ಪ್ರೊಪೆಲ್ಲರ್ ಹತ್ತಿರ ಜಿಂಕ್ ಬ್ಲಾಕ್ ಹಾಕುತ್ತೇವೆ. ಕಂಚಿನ ಪ್ರೊಪೆಲ್ಲರ್, ಸ್ಟೀಲ್ ಬಾಡಿ, ಮಧ್ಯೆ ಉಪ್ಪುನೀರು ಇದ್ದರೆ ಸ್ಟೀಲಿಗೆ ಬೇಗ ಹೊಡೆತ. ಜಿಂಕ್ ಇದ್ದರೆ ಅದು ಮೊದಲು ಕರಗುತ್ತದೆ, ಸ್ಟೀಲು ಉಳಿಯುತ್ತದೆ. ಕರಗಿ ಅರ್ಧ ಆದ ಬ್ಲಾಕನ್ನು ಬಿಚ್ಚಿ ಬಿಸಾಡುತ್ತೇವೆ. ಅಂಥದ್ದು ಎಷ್ಟು ಬೇಕಾದರೂ ಕೊಡುತ್ತೇನೆ, ಹೊಸದರ ಜೊತೆ ತೂಗಿ ನೋಡಲಿ.

ಸಮಯದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ ಬೋಟು ಸಮುದ್ರಕ್ಕೆ ಹೋಗದಿದ್ದರೂ ನಮಗೆ ಆಗಲೇ ಕೆಲಸ ಜಾಸ್ತಿ. ಎಲ್ಲ ಎಂಜಿನ್ ಬಿಚ್ಚುವುದು ಆ ಹೊತ್ತಿಗೇ. ಶಾಲೆ ಶುರುವಾಗುವುದೂ ಆಗಲೇ. ಮಕ್ಕಳು ಬಂದು ನೋಡಲಿಕ್ಕೆ ಅದು ಒಳ್ಳೆಯ ಸಮಯ, ನಾನು ಬಂದು ಹೇಳಿಕೊಡಲಿಕ್ಕೆ ಅಲ್ಲ. ಸೆಪ್ಟೆಂಬರ್ ನಂತರ ಕರೆಯಿರಿ.

ಕಾರ್ಯಾನುಭವ ಟೀಚರ್

ಅಣ್ಣ, ನೀವು ಹೇಳಿದ ಜಿಂಕ್ ಹತ್ತನೇ ಕ್ಲಾಸಿನ ಲೋಹ ಮತ್ತು ಅಲೋಹದ ಪಾಠದಲ್ಲೇ ಬರುತ್ತದೆ. ಕ್ರಿಯಾಶೀಲತೆಯ ಸರಣಿ ಅಂತ ಬಾಯಿಪಾಠ ಮಾಡಿಸುತ್ತೇವೆ. ಜಿಂಕ್ ಮೇಲೆ, ಕಬ್ಬಿಣ ಕೆಳಗೆ, ತಾಮ್ರ ಇನ್ನೂ ಕೆಳಗೆ. ನಿಮ್ಮ ಅರ್ಧ ಕರಗಿದ ಬ್ಲಾಕ್ ಮೇಜಿನ ಮೇಲಿಟ್ಟರೆ ಬಾಯಿಪಾಠದ ಅಗತ್ಯವೇ ಇಲ್ಲ. ಮಾರ್ಕಿನ ಅಪ್ಪನವರಿಗೂ ಇದು ಉತ್ತರ ಆಯಿತು.

ಎಂಟನೇ ಕ್ಲಾಸಿಗೆ ಒಂದು ವರ್ಷದ ಪ್ರಯೋಗವೂ ಹೊಳೆಯಿತು. ಸಾದಾ ಕಬ್ಬಿಣ, ಜಿಐ (ಜಿಂಕ್ ಲೇಪಿಸಿದ ಕಬ್ಬಿಣ), 304 ಸ್ಟೇನ್‌ಲೆಸ್, 316 ಸ್ಟೇನ್‌ಲೆಸ್ ಬೋಲ್ಟುಗಳನ್ನು ಸಮುದ್ರದ ನೀರಲ್ಲಿ ಹಾಕಿಟ್ಟು ತಿಂಗಳಿಗೊಮ್ಮೆ ತೆಗೆದು ಅಳೆಯುವುದು. ಖರ್ಚು ಏನೂ ಇಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು

ಅಳೆಯುವುದು ಅಂದಿರಲ್ಲ, ಅಲ್ಲೇ ನಿಲ್ಲಿ. ಡಿಪ್ಲೊಮಾಕ್ಕೆ ಬರುವ ಮಕ್ಕಳಿಗೆ ಸೂಕ್ಷ್ಮ ಅಳತೆಯ ವರ್ನಿಯರ್ ಓದಲು ಬರುವುದಿಲ್ಲ. ಸೂತ್ರ ಬರುತ್ತದೆ, ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಸಣ್ಣ ಅಳತೆ) 0.02 ಮಿ.ಮೀ ಅಂತ ಹೇಳುತ್ತಾರೆ, ಆದರೆ ಕೈಗೆ ಕೊಟ್ಟರೆ ಒಂದೇ ರಾಡಿಗೆ ಐವರದ್ದು ಐದು ಅಳತೆ. ನನ್ನನ್ನು ಕೇಳಿದರೆ ಎಂಟನೇ ಕ್ಲಾಸಿನ ಮೊದಲ ಮೂರು ತಿಂಗಳು ಅಳತೆ ಮತ್ತು ಡ್ರಾಯಿಂಗ್ ಬಿಟ್ಟು ಬೇರೆ ಏನೂ ಬೇಡ. ಮನೆಯ ಬಾಗಿಲಿನ ಚಿಲಕ ಬಿಚ್ಚಿ ತಂದು, ಅಳೆದು, ಮೂರು ಕಡೆಯಿಂದ ಬರೆಯಲಿ. ಆ ಚಿತ್ರ ನೋಡಿಯೇ ಬೈಕಂಪಾಡಿಯವರ ಫಿಟ್ಟರ್ ಇನ್ನೊಂದು ಚಿಲಕ ಮಾಡಬೇಕು. ಅವನಿಗೆ ಅರ್ಥ ಆಗದಿದ್ದರೆ ಚಿತ್ರ ತಪ್ಪು. ಮಾರ್ಕು ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ.

ಮಿಷಿಗನ್‌ನವರ ಮಾತು ಕೇಳಿ ಯಾರಾದರೂ ಅಮೆರಿಕದ ಪಾಠ ಡೌನ್‌ಲೋಡ್ ಮಾಡಿಕೊಳ್ಳುವುದಾದರೆ ಒಂದು ಎಚ್ಚರ. ಅಲ್ಲಿ ಡ್ರಾಯಿಂಗ್ ಥರ್ಡ್ ಆಂಗಲ್ ಪ್ರೊಜೆಕ್ಷನ್, ನಮ್ಮಲ್ಲಿ ಫಸ್ಟ್ ಆಂಗಲ್. ಮೇಲಿನ ನೋಟ ಅಲ್ಲಿ ಮೇಲೆ ಬರುತ್ತದೆ, ನಮ್ಮಲ್ಲಿ ಕೆಳಗೆ. ಅಳತೆಯೂ ಅವರಲ್ಲಿ ಹೆಚ್ಚಾಗಿ ಇಂಚಿನಲ್ಲಿ. ಒಮ್ಮೆ ಮಗು ಉಲ್ಟಾ ಕಲಿತರೆ ಬಿಡಿಸುವುದು ನಮಗೆ ಕಷ್ಟ.

ಮತ್ತೆ ಪಿಯುಸಿ ಮುಗಿಸಿಯೇ ಎಂಜಿನಿಯರಿಂಗ್ ಅನ್ನುವ ಅಪ್ಪನವರಿಗೆ: ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕದ್ರಿಯ ಸರಕಾರಿ ಪಾಲಿಟೆಕ್ನಿಕ್ ಕೆಪಿಟಿ 1946ರಿಂದ ಇದೆ, ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಎಂಐಟಿ 1957, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು 1960. ಮೂರರಲ್ಲೂ ಹಳೆಯದು ಡಿಪ್ಲೊಮಾ ಕೊಡುವ ಕೆಪಿಟಿಯೇ. ಆದರೂ ಊರಲ್ಲಿ ಡಿಪ್ಲೊಮಾ ಅಂದರೆ ಮಾರ್ಕು ಕಡಿಮೆ ಬಂದವರಿಗೆ ಅಂತಲೇ ಲೆಕ್ಕ. ಹೈಸ್ಕೂಲಿನಲ್ಲೇ ಕೈಗೆ ಕೆಲಸ ಸಿಕ್ಕಿದರೆ ಕೆಲವರಾದರೂ ಇಷ್ಟಪಟ್ಟು ಬರುತ್ತಾರೆ.

ಸುರತ್ಕಲ್ ಹಾಸ್ಟೆಲ್

ಹಂಚಿನ ಕಾರ್ಖಾನೆಯ ವಿಷಯ ಯಾರೂ ಹೇಳಲಿಲ್ಲ! ಶಾಲೆಗಳನ್ನೂ ನಡೆಸುತ್ತಿದ್ದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಶುರು ಮಾಡಿದಾಗ ಇಲ್ಲಿನ ಮಣ್ಣು, ಇಲ್ಲಿನ ಜನರನ್ನೇ ಇಟ್ಟುಕೊಂಡು ಮಾಡಿದ್ದಲ್ವಾ? ಶಾಲೆ ಮತ್ತು ಕಾರ್ಖಾನೆ ಒಟ್ಟಿಗೆ ನಡೆಯುವುದು ಮಂಗಳೂರಿಗೆ ಹೊಸತಲ್ಲ.

ಬೈಕಂಪಾಡಿ ಲೇತ್

ಹಂಚಿನ ಕಥೆ ಭಾಷಣಕ್ಕೆ ಇಟ್ಟುಕೊಳ್ಳಿ ಮಾರಾಯ್ರೆ. ಶನಿವಾರ ನೀವೂ ಬರುತ್ತೀರಾ ಹೇಳಿ.

ಸುರತ್ಕಲ್ ಹಾಸ್ಟೆಲ್

ಬರುತ್ತೇನೆ. ಪರೀಕ್ಷೆ ಇಲ್ಲದಾಗ.

ಬೈಕಂಪಾಡಿ ಲೇತ್

ಅದೇ ಹೇಳಿದ್ದು. ಕಾಲೇಜು ಮಕ್ಕಳನ್ನು ಸಹಾಯಕ್ಕೆ ಇಟ್ಟುಕೊಳ್ಳಿ, ಅವರ ಮೇಲೆ ಕೋರ್ಸ್ ನಿಲ್ಲಿಸಬೇಡಿ.

ಗೇರುಬೀಜದ ಅಮ್ಮ

ನನ್ನ ಮಗಳು ಎಂಟನೇ ಕ್ಲಾಸು. ಇಷ್ಟು ಉದ್ದಕ್ಕೆ ಓದಿದೆ, ಹುಡುಗಿಯರ ವಿಷಯ ಒಬ್ಬರೂ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಅಂದರೆ ಎಷ್ಟು ಗಂಟೆಗೆ ಬಿಡುತ್ತೀರಿ? ನಮ್ಮ ಒಳರಸ್ತೆಗೆ ನಾಲ್ಕರ ಬಸ್ಸು ತಪ್ಪಿದರೆ ಆರಕ್ಕೇ. ಮಳೆಗಾಲದಲ್ಲಿ ಆರು ಅಂದರೆ ಕತ್ತಲೆ. ಅದೊಂದು ಕಾರಣಕ್ಕೆ ಅರ್ಧ ಹುಡುಗಿಯರು ಮೊದಲ ತಿಂಗಳೇ ಬಿಡುತ್ತಾರೆ, ಆಮೇಲೆ ಹುಡುಗಿಯರಿಗೆ ಆಸಕ್ತಿ ಇಲ್ಲ ಅಂತ ನೀವು ಬರೆಯುತ್ತೀರಿ. ಇನ್ನೊಂದು, ಗುಂಪಿನಲ್ಲಿ ಹುಡುಗರು ಡ್ರಿಲ್ ಹಿಡಿಯುವುದು, ಹುಡುಗಿಯರು ಚಾರ್ಟ್ ಬರೆಯುವುದು ಆಗಬಾರದು. ಎಲ್ಲರಿಗೂ ಸರದಿ ಇರಲಿ.

ನಾನು ಗೇರುಬೀಜದ ಫ್ಯಾಕ್ಟರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಕಾಲಲ್ಲಿ ಪೆಡಲ್ ಒತ್ತಿ, ಕೈಯಲ್ಲಿ ಹಿಡಿ ಎಳೆದು ಬೀಜ ಒಡೆಯುವ ಮೆಷಿನ್ ಗೊತ್ತಿರಬಹುದು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಕೈಗೆ ಬೂದಿ, ಹರಳೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದೆವು. ಗಿಡ್ಡ ಇದ್ದವರಿಗೂ ಉದ್ದ ಇದ್ದವರಿಗೂ ಪೆಡಲ್ ಒಂದೇ ಎತ್ತರ. ಸೊಂಟ ಹಿಡಿದುಕೊಂಡು ಮನೆಗೆ ಹೋಗುವುದು. ಪೆಡಲಿಗೆ ನಾಲ್ಕು ತೂತು ಜಾಸ್ತಿ ಕೊರೆದು ಎತ್ತರ ಬದಲಿಸುವ ಹಾಗೆ ಮಾಡಿದರೆ ಸಾಕು ಅಂತ ನಮಗೆಲ್ಲ ಗೊತ್ತಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ. ಉದ್ಯಮದವರನ್ನು ಸೇರಿಸುತ್ತೇವೆ ಅಂತ ಮಾಲಕರನ್ನು ಮಾತ್ರ ಕರೆಯಬೇಡಿ, ಮೆಷಿನ್ ಮುಂದೆ ಕೂರುವವರನ್ನೂ ಕರೆಯಿರಿ.

ಹಳೆ ವಿದ್ಯಾರ್ಥಿ 66

ಅಕ್ಕ, ಇಡೀ ಚರ್ಚೆಯಲ್ಲಿ ನನಗೆ ಇದೇ ಮುಖ್ಯ ಅನ್ನಿಸಿತು. ಹತ್ತನೇ ಕ್ಲಾಸಿನ ಮೊದಲ ಪ್ರಾಜೆಕ್ಟ್ ಪೆಡಲ್ ಆಗಬಹುದಾ? ಹಳೇ ಮೆಷಿನ್ ಒಂದು ಸಿಕ್ಕಿದರೆ ಶಾಲೆಗೆ ತರುತ್ತೇವೆ. ನೀವು ಬಂದು ಮಕ್ಕಳ ಹತ್ತಿರ ಮಾತಾಡಬೇಕು.

ಗೇರುಬೀಜದ ಅಮ್ಮ

ಬರುತ್ತೇನೆ. ಬಸ್ಸಿನ ಪ್ರಶ್ನೆಗೆ ಉತ್ತರ ಕೊಡಲಿಲ್ಲ ನೀವು.

ಫ್ಯಾಕ್ಟರಿ ಸೇಫ್ಟಿ

ದೊಡ್ಡ ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಕೆಲಸ ನನ್ನದು. ಉತ್ಸಾಹಕ್ಕೆ ತಣ್ಣೀರು ಹಾಕುತ್ತೇನೆ ಅಂತ ಬೇಸರ ಬೇಡ.

ಎಂಟನೇ ಕ್ಲಾಸಿನವರು ಹದಿಮೂರು, ಹದಿನಾಲ್ಕು ವರ್ಷದವರು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14ರೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಇಡುವ ಹಾಗಿಲ್ಲ. ಹಾಗಾಗಿ ಕಾರ್ಖಾನೆಗೆ ಬಂದ ಮಕ್ಕಳು ಹಳದಿ ಗೆರೆಯ ಆಚೆ ನಿಂತು ನೋಡಬೇಕು, ಅಷ್ಟೆ. ಸ್ವಲ್ಪ ಮುಟ್ಟಲಿ, ಎರಡು ಪೀಸ್ ಮಾಡಲಿ ಅಂತ ಯಾವ ಮಾಲಕರೂ ಹೇಳಬಾರದು. ಕೈಯಲ್ಲಿ ಮಾಡುವುದೆಲ್ಲ ಶಾಲೆಯ ಕೋಣೆಯಲ್ಲಿ, ಪಾಠದ ಭಾಗವಾಗಿ, ಟೀಚರ್ ಎದುರಿಗೆ. ಹೊರಗಿನಿಂದ ಬಂದ ಫಿಟ್ಟರ್ ಆಗಲಿ ಎಂಜಿನಿಯರ್ ಆಗಲಿ ಮಕ್ಕಳ ಜೊತೆ ಒಬ್ಬರೇ ಇರುವುದು ಬೇಡ. ಇದು ಅವರ ಮೇಲಿನ ಸಂಶಯಕ್ಕಲ್ಲ, ಎಲ್ಲರ ರಕ್ಷಣೆಗೆ.

ಕೋಣೆಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್ಚು) ಹಾಕಿಸಿ, ಬರೀ ಎಂಸಿಬಿ ಸಾಲದು. ಎಂಸಿಬಿ ವೈರು ಸುಡದಂತೆ ನೋಡಿಕೊಳ್ಳುತ್ತದೆ, ಮನುಷ್ಯನಿಗೆ ಶಾಕ್ ತಾಗಿದರೆ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಒದ್ದೆ ನೆಲ, ಒದ್ದೆ ಚಪ್ಪಲಿ ಬೇರೆ. ಡ್ರಿಲ್ ಹತ್ತಿರ ಕೈಗವಸು ಹಾಕಬಾರದು, ಅದೇ ಸುತ್ತಿಕೊಳ್ಳುತ್ತದೆ. ಕನ್ನಡಕ ಕಡ್ಡಾಯ. ಜಡೆ ಮೇಲೆ ಕಟ್ಟಬೇಕು, ಶಾಲು ಬೇಡ. ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ದೊಡ್ಡವರು ಮಾಡಲಿ. ಮಕ್ಕಳಿಗೆ ಗುಂಪು ಅಪಘಾತ ವಿಮೆ ಮಾಡಿಸಿಬಿಡಿ.

ಕಂಪನಿ ಕಡೆಯವಳು

ಸಿಎಸ್‌ಆರ್ ಅರ್ಜಿ ನೋಡುವುದೇ ನನ್ನ ಕೆಲಸ. ದೊಡ್ಡ ಕಂಪನಿಗೆ ಹೋಗುವ ಮೊದಲು ನಿಮ್ಮ ಸಂಘ ರಿಜಿಸ್ಟರ್ ಆಗಿದೆಯಾ ನೋಡಿ. ದುಡ್ಡು ಸಂಘದ ಮೂಲಕ ಖರ್ಚಾಗಬೇಕಾದರೆ 12ಎ, 80ಜಿ ಅನ್ನುವ ಆದಾಯ ತೆರಿಗೆ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನೋಂದಣಿಯೂ ಬೇಕು. ಎಷ್ಟೋ ಒಳ್ಳೆಯ ಅರ್ಜಿ ಇಲ್ಲೇ ಬೀಳುತ್ತದೆ. ಕಾಯ್ದೆಯಲ್ಲಿ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಇದೆ, ಆದ್ದರಿಂದ ಕಾರ್ಖಾನೆಯಿಂದ ನಿಮ್ಮ ಶಾಲೆ ಎಷ್ಟು ದೂರ ಅಂತ ಮೊದಲ ಪುಟದಲ್ಲೇ ಬರೆಯಿರಿ.

ಕಂಪನಿಯವರು ಹಳೇ ಮೆಷಿನ್ ಕೇಳಿದರೆ ಯಾಕೆ ಹಿಂದೇಟು ಹಾಕುತ್ತಾರೆ ಗೊತ್ತಾ? ವಸ್ತು ರೂಪದಲ್ಲಿ ಕೊಟ್ಟದ್ದಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚಿಗೆ ಸೇರಿಸುವ ಹಾಗಿಲ್ಲ. ಹೊಸದು ಖರೀದಿಸಿ ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹಳೇ ಲೇತ್ ಬೇಕಾದರೆ ಸಿಎಸ್‌ಆರ್ ವಿಭಾಗಕ್ಕೆ ಬರಬೇಡಿ, ಪ್ಲಾಂಟ್ ಮೆಂಟೆನೆನ್ಸ್‌ನವರನ್ನು ಕೇಳಿ.

ಕೊನೆಯದಾಗಿ ನಮ್ಮವರಿಗೆ ಸಿಟ್ಟು ಬಂದರೂ ಹೇಳುತ್ತೇನೆ. ಉದ್ಘಾಟನೆಗೆ ಎಲ್ಲ ಕಂಪನಿಯೂ ಬರುತ್ತದೆ. ಮೂರು ವರ್ಷದ ಹ್ಯಾಕ್ಸಾ ಬ್ಲೇಡು, ಡ್ರಿಲ್ ಬಿಟ್ಟು, ಸೋಲ್ಡರ್, ವೈರಿನ ಖರ್ಚನ್ನು ಅರ್ಜಿಯಲ್ಲೇ ಸೇರಿಸಿ. ನಾವು ಅದನ್ನು ತೆಗೆಯಿರಿ ಅಂದರೆ ತೆಗೆಯಬೇಡಿ.

ದುಬೈ ಬ್ಯಾಚ್

ನಾನೂ ಅದೇ ಶಾಲೆಯವನು, ಸಂಘದ ವಾಟ್ಸಾಪ್ ಗುಂಪಿನಲ್ಲಿ ಈ ಲಿಂಕ್ ನೋಡಿದೆ. ಎಲ್ಲರೂ ಸುತ್ತಿಗೆ, ಅರ ಅಂತ ಕೂತಿದ್ದೀರಿ. ಜಗತ್ತು ಎಐಗೆ ಹೋಗಿದೆ. ನಮ್ಮ ಮಕ್ಕಳು ಮಾತ್ರ ಬೋಲ್ಟ್ ತುಕ್ಕು ಅಳೆಯಬೇಕಾ? ತ್ರೀಡಿ ಪ್ರಿಂಟರ್ ನಾನೇ ಕೊಡುತ್ತೇನೆ.

ಪಾಲಿಟೆಕ್ನಿಕ್ ಮೇಷ್ಟ್ರು

ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮಂಗಳೂರಿನ ಮಳೆ ನಿಮಗೆ ನೆನಪಿರಬೇಕು. ಪ್ರಿಂಟರಿಗೆ ಹಾಕುವ ಪಿಎಲ್ಎ ಪ್ಲಾಸ್ಟಿಕ್ ದಾರ ಗಾಳಿಯ ತೇವ ಹೀರುತ್ತದೆ. ಜುಲೈಯಲ್ಲಿ ಹೊರಗೆ ಬಿಟ್ಟರೆ ಕೆಲವು ದಿನದಲ್ಲೇ ಪ್ರಿಂಟ್ ಮಾಡುವಾಗ ಚಟಪಟ ಸದ್ದು, ಎಳೆ ಎಳೆ ಬರುತ್ತದೆ, ಆಮೇಲೆ ದಾರವೇ ತುಂಡಾಗುತ್ತದೆ. ಗಾಳಿ ಆಡದ ಡಬ್ಬ, ಸಿಲಿಕಾ ಜೆಲ್, ಒಣಗಿಸುವ ಡ್ರೈಯರ್ ಇವಿಷ್ಟನ್ನು ಪ್ರಿಂಟರ್ ಜೊತೆಗೇ ಕಳಿಸಿ. ಒಂಬತ್ತನೇ ಕ್ಲಾಸಿನಲ್ಲಿ ಬಳಸೋಣ, ಡ್ರಾಯಿಂಗ್ ಬಂದ ಮೇಲೆ. ಡ್ರಾಯಿಂಗ್ ಬಾರದ ಮಗುವಿಗೆ ಪ್ರಿಂಟರ್ ಕೊಟ್ಟರೆ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಗೊಂಬೆ ಮಾಡುತ್ತದೆ.

ಎಐ ಬಗ್ಗೆ ಸುರತ್ಕಲ್ ಹುಡುಗರು ಹೇಳಲಿ. ನನಗೆ ಅದರಲ್ಲಿ ತಕರಾರಿಲ್ಲ, ಹದಿಮೂರು ವರ್ಷಕ್ಕೇ ಅದರಿಂದ ಶುರು ಮಾಡುವುದರಲ್ಲಿ ಮಾತ್ರ ಇದೆ.

ದುಬೈ ಬ್ಯಾಚ್

ಡ್ರೈಯರ್ ಕೂಡ ಕಳಿಸುತ್ತೇನೆ. ಆದರೂ ನನ್ನ ಮಾತು ಅದೇ. ಮಕ್ಕಳು ಮೊಬೈಲ್ ಹಿಡಿದು ಬೆಳೆದವರು, ಕೋಡಿಂಗಿಗೆ ಕಾಯುವುದಿಲ್ಲ. ನೋಡೋಣ.

ಹಳೆ ವಿದ್ಯಾರ್ಥಿ 66

ಶಾಲೆಯಲ್ಲಿ ಮೀಟಿಂಗ್ ಆಯಿತು. ಸಂಘ, ಎಸ್‌ಡಿಎಂಸಿ, ಹೆಡ್ಮಾಸ್ಟರ್, ವಿಜ್ಞಾನದ ಮೇಡಂ, ಕಾರ್ಯಾನುಭವದ ಸರ್ ಎಲ್ಲ ಇದ್ದರು. ಮಳೆ ಜೋರು, ಆದರೂ ಜನ ಬಂದರು.

ಕ್ಯಾಟಲಾಗಿನ ಪ್ಯಾಕೇಜ್ ಬೇಡ ಅಂತ ಆಯಿತು. ಸುಲಭಕ್ಕೆ ಆಗಲಿಲ್ಲ, ಒಂದಿಬ್ಬರು ಎದ್ದುಹೋದರು. ದುಡ್ಡನ್ನು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗ ಮಾತ್ರ ಮುಟ್ಟುವುದು. ಈ ವರ್ಷ ಎಂಟನೇ ಕ್ಲಾಸು ಒಂದೇ. ಒಂಬತ್ತು ಮುಂದಿನ ವರ್ಷ, ಹತ್ತು ಅದರ ಮುಂದಿನ ವರ್ಷ, ಇದೇ ಮಕ್ಕಳ ಜೊತೆ ಮೇಲೆ ಹೋಗುವುದು. ಹಾಗಾಗಿ ಪೆಡಲ್ ಪ್ರಾಜೆಕ್ಟ್‌ಗೆ ಎರಡು ವರ್ಷ ಕಾಯಬೇಕು. ಆದರೆ ಮೆಷಿನ್ ಈಗಲೇ ತಂದಿಟ್ಟು ಅದನ್ನೇ ಅಳೆದು ಚಿತ್ರ ಬರೆಯಿಸೋಣ ಅಂತ ಮೇಡಂ ಹೇಳಿದರು. ಅಕ್ಕನನ್ನು ಆಗಲೇ ಕರೆಯುತ್ತೇವೆ.

ಬಸ್ಸಿನದ್ದು: ಶನಿವಾರ ಬೆಳಗಿನ ತರಗತಿ ಮುಗಿದು ಊಟ ಆದ ಕೂಡಲೇ ಶುರು, ಮೂರೂವರೆಗೆ ಬಿಡುವುದು. ನಾಲ್ಕರ ಬಸ್ಸು ಸಿಗುತ್ತದೆ. ಮುರಿಯುವ ಸಾಮಾನಿನ ಠರಾವು ಬರೆದು ಸಹಿ ಆಯಿತು. ಬೀಗದ ಕೈ ಎರಡು, ಒಂದು ಮೇಡಂ ಹತ್ತಿರ, ಒಂದು ಕಾರ್ಯಾನುಭವದ ಸರ್ ಹತ್ತಿರ. ಹೆಡ್ಮಾಸ್ಟರ್ ಸ್ವಲ್ಪ ಗೊಣಗಿದರು.

ಪಕ್ಕಾ ಆಗದೆ ಉಳಿದದ್ದು ಸಲಹಾ ಸಮಿತಿ. ಬೈಕಂಪಾಡಿಯವರು, ಮಲ್ಪೆಯವರು, ಪಾಲಿಟೆಕ್ನಿಕ್ ಮೇಷ್ಟ್ರು, ಗೇರುಬೀಜದ ಅಕ್ಕ ಒಪ್ಪಿದರೆ ನಾಲ್ವರು ಆದರು. ವರ್ಷಕ್ಕೆ ಎರಡು ಸಲ ಬಂದು ಜಗಳ ಮಾಡಿದರೆ ಸಾಕು. ಅಧ್ಯಕ್ಷರು, ಗೌರವಾಧ್ಯಕ್ಷರು ಅಂತ ಯಾರೂ ಇರುವುದಿಲ್ಲ, ಶಾಲು ಹಾರ ಇರುವುದಿಲ್ಲ.

ಮಲ್ಪೆ ಡೀಸೆಲ್

ನಾನು ಒಪ್ಪಿದೆ. ಮೀಟಿಂಗ್ ಶುಕ್ರವಾರ ಬೇಡ, ಬೇರೆ ಯಾವ ದಿನವೂ ಅಡ್ಡಿಲ್ಲ.

ಒಂಬತ್ತನೇ ಕ್ಲಾಸಿನ ಅಪ್ಪ

ಎಂಟನೇ ಕ್ಲಾಸಿಗೆ ಮಾತ್ರವಾ? ನಮ್ಮ ಹುಡುಗನೂ ಶನಿವಾರ ಬಂದು ಕೂರಬಹುದಾ ಅಂತ ಕೇಳುತ್ತಿದ್ದಾನೆ.

ಹಳೆ ವಿದ್ಯಾರ್ಥಿ 66

ಮೇಡಂ ಹತ್ತಿರ ಕೇಳಿ ಹೇಳುತ್ತೇನೆ ಸರ್. ಬೆಂಚ್ ವೈಸ್ ಎರಡೇ ಇರುವುದು, ಜಾಗದ್ದೇ ಪ್ರಶ್ನೆ.

ಬೈಕಂಪಾಡಿ ಲೇತ್

ವೈಸ್ ಇನ್ನೊಂದು ಹುಡುಕುತ್ತೇನೆ. ಒಂದು ಹಳೇ ಪಿಲ್ಲರ್ ಡ್ರಿಲ್ ಕೂಡ ಸಿಗುವ ಹಾಗೆ ಉಂಟು, ಬೆಲ್ಟ್ ಗಾರ್ಡ್ ಮಾತ್ರ ಹೊಸದು ಹಾಕಬೇಕು. ಆ ಕೋಣೆಗೆ ಕರೆಂಟ್ ಸಿಂಗಲ್ ಫೇಸಾ, ತ್ರೀ ಫೇಸಾ? ಮತ್ತೆ ಅರ್ಥಿಂಗ್ ಯಾವ ಕಾಲದ್ದು?

ಹಳೆ ವಿದ್ಯಾರ್ಥಿ 66

ಸಿಂಗಲ್ ಫೇಸ್. ಅರ್ಥಿಂಗ್ ಬಗ್ಗೆ ಯಾರಿಗೂ ಗೊತ್ತಿಲ್ಲ, ನಾಳೆ ಎಲೆಕ್ಟ್ರಿಷಿಯನ್ ಬಂದು ನೋಡುತ್ತಾನೆ. ಅಲ್ಲಿಯವರೆಗೆ ಡ್ರಿಲ್ ತರಬೇಡಿ.